ಇಳಿಯಲು ಕಾಲು ಗಂಟೆ, ಏರಲು ಹದಿಮೂರು ಗಂಟೆ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಮನುಷ್ಯ ನೀರಿನಲ್ಲಿ ಎಷ್ಟು ಆಳಕ್ಕೆ ಇಳಿದಿದ್ದಾನೆ ಎಂದು ಹುಡುಕಲು ಹೊರಟವರಿಗೆ ಸಾಮಾನ್ಯವಾಗಿ ಮೂರು ಸಂಖ್ಯೆಗಳು ಎದುರಾಗುತ್ತವೆ: 332 ಮೀಟರ್, 534 ಮೀಟರ್ ಮತ್ತು 701 ಮೀಟರ್. ಮೂರನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದಿಡುವ ಅಭ್ಯಾಸ ಬೆಳೆದಿದೆ. ಇದರಿಂದ ಹುಟ್ಟಿದ ಗೊಂದಲವನ್ನು ಬಿಡಿಸಬೇಕೆಂಬ ಬಯಕೆಯೇ ಈ ಉಪನ್ಯಾಸಕ್ಕೆ ಕಾರಣ. 332 ಮೀಟರ್ ಎಂಬುದು ಬೆನ್ನಿಗೆ ಸಿಲಿಂಡರ್‌ಗಳನ್ನು ಕಟ್ಟಿಕೊಂಡು, ಮೇಲಿನ ದೋಣಿಯೊಂದಿಗೆ ಉಸಿರಿನ ಕೊಳವೆಯ ಸಂಬಂಧವಿಲ್ಲದೆ, ಒಬ್ಬ ವ್ಯಕ್ತಿ 2014ರಲ್ಲಿ ಕೆಂಪು ಸಮುದ್ರದಲ್ಲಿ ಮುಟ್ಟಿದ ಆಳ. 534 ಮೀಟರ್ ಎಂಬುದು 1988ರಲ್ಲಿ ಫ್ರಾನ್ಸಿನ ಮಾರ್ಸೇಯ್ ನಗರದ ಹೊರಗಿನ ಸಮುದ್ರದಲ್ಲಿ, ಕೊಳವೆಗಳನ್ನು ಜೋಡಿಸುವ ಕೆಲಸ ಮಾಡುತ್ತ ಮುಳುಗುಗಾರರು ತಲುಪಿದ ಆಳ. 701 ಮೀಟರ್ ಸಮುದ್ರದೊಳಗೆ ನಡೆದದ್ದೇ ಅಲ್ಲ. 1992ರಲ್ಲಿ ಅದೇ ಮಾರ್ಸೇಯ್‌ನಲ್ಲಿ, ನೆಲದ ಮೇಲಿದ್ದ ಉಕ್ಕಿನ ಕೋಣೆಯೊಂದರಲ್ಲಿ ಅನಿಲವನ್ನು ತುಂಬಿ ತುಂಬಿ, 701 ಮೀಟರ್ ಆಳದಲ್ಲಿ ಇರುವಷ್ಟೇ ಒತ್ತಡವನ್ನು ಒಬ್ಬ ಮನುಷ್ಯನ ಮೈಗೆ ಉಣಿಸಿದ ಪ್ರಯೋಗ ಅದು.

ಜಲಾಂತರ್ಗಾಮಿಯ ದಪ್ಪ ಗೋಡೆಯೊಳಗೆ ಕುಳಿತು ಸಾವಿರಾರು ಮೀಟರ್ ಇಳಿದವರ ಕಥೆಯನ್ನು ನಾನು ಇಲ್ಲಿ ಎತ್ತಿಕೊಂಡಿಲ್ಲ. ಸುತ್ತಲಿನ ನೀರಿನ ಒತ್ತಡವನ್ನು ತನ್ನ ಶ್ವಾಸಕೋಶಕ್ಕೆ ಬರಮಾಡಿಕೊಂಡು ಇಳಿದವರ ಬಗ್ಗೆ ಮಾತ್ರ ನನ್ನ ಮಾತು. ಇಂಥವರ ಇಳಿತವನ್ನು ಮೀಟರ್‌ಗಳಲ್ಲಿ ಅಳೆದರೆ ಅರ್ಧ ಮಾತ್ರ ಅಳೆದಂತಾಯಿತು. ಅವರು ಮರಳಿ ಬರಲು ತೆತ್ತ ಗಂಟೆಗಳು ಮತ್ತು ದಿನಗಳು ಉಳಿದರ್ಧ.

ಮೊದಲು ಒತ್ತಡದ ಲೆಕ್ಕ. ನಮ್ಮ ನೆತ್ತಿಯ ಮೇಲಿರುವ ಇಡೀ ಗಾಳಿಯ ರಾಶಿ ಹೇರುವ ಒತ್ತಡವನ್ನು ಒಂದು ವಾಯುಭಾರ ಎಂದಿಟ್ಟುಕೊಳ್ಳೋಣ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಹೆಚ್ಚುಕಡಿಮೆ ಇನ್ನೊಂದು ವಾಯುಭಾರ ಅದಕ್ಕೆ ಸೇರುತ್ತ ಹೋಗುತ್ತದೆ. 30 ಮೀಟರ್‌ನಲ್ಲಿ ನಾಲ್ಕು, 330 ಮೀಟರ್‌ನಲ್ಲಿ 34. ಇಷ್ಟು ಒತ್ತಡ ಮನುಷ್ಯನ ಎಲುಬುಗಳನ್ನು ಪುಡಿಮಾಡುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ದೇಹದ ಬಹುಭಾಗ ನೀರು, ನೀರು ಕುಗ್ಗುವುದಿಲ್ಲ. ತೊಂದರೆಯೆಲ್ಲ ಅನಿಲದಿಂದ. ಸುತ್ತಲಿನ ನೀರು ಎಷ್ಟು ಒತ್ತುತ್ತದೆಯೋ ಅಷ್ಟೇ ಒತ್ತಡದ ಅನಿಲವನ್ನು ಉಸಿರಾಡಿದರೆ ಮಾತ್ರ ಎದೆ ಅರಳುತ್ತದೆ. ಹಾಗೆ ಉಸಿರಾಡಿದಾಗ 30 ಮೀಟರ್‌ನಲ್ಲಿ ಒಂದೊಂದು ಉಸಿರಿಗೂ ನೆಲದ ಮೇಲಿನ ನಾಲ್ಕು ಉಸಿರುಗಳಷ್ಟು ಅನಿಲ ಒಳಹೋಗುತ್ತದೆ, ಮತ್ತು ನೆಲದ ಮೇಲೆ ಸಾಧುವಾಗಿದ್ದ ಅನಿಲಗಳು ಅಲ್ಲಿ ಬೇರೆಯದೇ ಗುಣ ತೋರುತ್ತವೆ.

ಸಾರಜನಕ ಅಮಲೇರಿಸುತ್ತದೆ. 30 ಮೀಟರ್ ದಾಟಿದ ಮೇಲೆ ಹಲವರಿಗೆ ಇದು ಅನುಭವಕ್ಕೆ ಬರುತ್ತದೆ. ಆಳ ಹೆಚ್ಚಿದಂತೆ ತೀರ್ಮಾನಿಸುವ ಶಕ್ತಿ ಕುಂದಿ, ತನಗೇನೂ ಆಗಿಲ್ಲವೆಂಬ ಭರವಸೆ ಮಾತ್ರ ಬಲವಾಗುತ್ತದೆ. ಆಮ್ಲಜನಕವೂ ಒಂದು ಮಿತಿಯ ಆಚೆಗೆ ವಿಷವೇ. ಉಸಿರಾಡುವ ಮಿಶ್ರಣದಲ್ಲಿ ಅದರ ಪಾಲಿನ ಒತ್ತಡ ಸುಮಾರು 1.6 ವಾಯುಭಾರವನ್ನು ಮೀರಿದರೆ ಅಪಸ್ಮಾರದಂಥ ಸೆಳೆತ ಬರುವ ಅಪಾಯವಿದೆ. ನೆಲದ ಮೇಲೆ ಸೆಳೆತ ಬಂದವನು ಚೇತರಿಸಿಕೊಂಡಾನು. ನೀರಿನೊಳಗೆ ಬಾಯಿಯ ಕೊಳವೆ ಜಾರಿದರೆ ಮುಗಿಯಿತು. ಸಾಮಾನ್ಯ ಗಾಳಿಯಲ್ಲಿ ಈ ಮಿತಿ ಸುಮಾರು 66 ಮೀಟರ್‌ನಲ್ಲೇ ಬಂದುಬಿಡುತ್ತದೆ. ಮೂರನೆಯದೊಂದಿದೆ, ಅದರ ಬಗ್ಗೆ ಇತ್ತೀಚಿನವರೆಗೂ ಯಾರೂ ಅಷ್ಟಾಗಿ ಮಾತನಾಡುತ್ತಿರಲಿಲ್ಲ: ಅನಿಲದ ಸಾಂದ್ರತೆ. ಗಾಳಿಯ ಒಂದು ಲೀಟರ್ ನೆಲದ ಮೇಲೆ ಒಂದೂಕಾಲು ಗ್ರಾಂನಷ್ಟು ತೂಗಿದರೆ, 40 ಮೀಟರ್‌ನ ಹತ್ತಿರ ಆರು ಗ್ರಾಂ ದಾಟುತ್ತದೆ. ಅಷ್ಟು ಮಂದವಾದ ಅನಿಲವನ್ನು ಎಳೆದು ಬಿಡುವುದೇ ಒಂದು ದುಡಿಮೆಯಾಗಿ, ದೇಹ ಹೊರಹಾಕಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯತೊಡಗುತ್ತದೆ.

ಹವ್ಯಾಸಿ ಸ್ಕೂಬಾ ತರಬೇತಿಯ ಸಂಸ್ಥೆಗಳು ಹಾಕಿಕೊಂಡಿರುವ 18, 30 ಮತ್ತು 40 ಮೀಟರ್‌ಗಳ ಮಿತಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನಮ್ಮ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿಗೆ ನೀರಿಗಿಳಿಯುವವರನ್ನು ತರಬೇತುದಾರರು ಇನ್ನೂ ಕಡಿಮೆ ಆಳದಲ್ಲಿ, ಕೈ ಹಿಡಿದು ಸುತ್ತಾಡಿಸಿ ತರುತ್ತಾರೆ. ಅಲ್ಲಿ ಕಾಣುವ ಮೀನು, ಹವಳ, ಬೆಳಕು ಎಲ್ಲವೂ ಆ ಮೇಲಿನ ಪದರದಲ್ಲೇ ಹೆಚ್ಚು. ನೋಡುವ ಸಂತೋಷಕ್ಕಾಗಿ ಯಾರೂ ನೂರು ಮೀಟರ್ ಇಳಿಯಬೇಕಾಗಿಲ್ಲ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ಬಾರಿಯೂ ಹೇಳುತ್ತೇನೆ.

ಗಾಳಿಯನ್ನು ಉಸಿರಾಡುತ್ತಲೇ ಎಷ್ಟು ದೂರ ಹೋಗಬಹುದೆಂಬುದು ಜೀವಗಳನ್ನು ತೆತ್ತು ತಿಳಿದ ವಿಷಯ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಅವರು 1943ರಲ್ಲಿ ರೂಪಿಸಿದ ಉಸಿರಾಟದ ಉಪಕರಣ ಮುಳುಗುಗಾರನನ್ನು ಮೇಲಿನ ಕೊಳವೆಯಿಂದ ಬಿಡಿಸಿತು. ನಾಲ್ಕೇ ವರ್ಷಗಳಲ್ಲಿ, 1947ರಲ್ಲಿ, ಕೂಸ್ಟೋ ಅವರ ತಂಡದ ಮೋರಿಸ್ ಫಾರ್ಗ್ ಅವರು ಹಗ್ಗಕ್ಕೆ ಕಟ್ಟಿದ ಹಲಗೆಗಳ ಮೇಲೆ ಸಹಿ ಹಾಕುತ್ತ ಇಳಿದರು. ಸುಮಾರು 120 ಮೀಟರ್ ಆಳದ ಹಲಗೆಯಲ್ಲಿ ಅವರ ಸಹಿ ಇತ್ತು; ಮೇಲಕ್ಕೆ ಎಳೆದಾಗ ಅವರಲ್ಲಿ ಜೀವ ಇರಲಿಲ್ಲ.

ಅದಕ್ಕೂ ಮೊದಲೇ ಅಮೆರಿಕದಲ್ಲಿ ಬೇರೊಂದು ದಾರಿ ಕಂಡಿತ್ತು. ಸಾರಜನಕದ ಬದಲು ಹೀಲಿಯಂ ಬಳಸಿದರೆ ಅಮಲಿಲ್ಲ, ಮಂದತೆಯೂ ಇಲ್ಲ. 1937ರಲ್ಲಿ ಮ್ಯಾಕ್ಸ್ ನೋಲ್ ಅವರು ಮಿಶಿಗನ್ ಸರೋವರದಲ್ಲಿ ಹೀಲಿಯಂ ಮಿಶ್ರಣ ಉಸಿರಾಡಿ 128 ಮೀಟರ್ ಇಳಿದು ಬಂದರು. ಎರಡು ವರ್ಷಗಳ ನಂತರ ಸ್ಕ್ವಾಲಸ್ ಎಂಬ ಜಲಾಂತರ್ಗಾಮಿ 74 ಮೀಟರ್ ಆಳದಲ್ಲಿ ಮುಳುಗಿದಾಗ 33 ಮಂದಿಯನ್ನು ಗಂಟೆಯಾಕಾರದ ರಕ್ಷಣಾ ಕೋಣೆಯ ಮೂಲಕ ಹೊರತಂದರು. ಹಡಗನ್ನು ಮೇಲೆತ್ತುವ ಕೆಲಸದಲ್ಲಿ ನೌಕಾಪಡೆಯ ಮುಳುಗುಗಾರರು ಹೀಲಿಯಂ ಬಳಸಿದರು. ಪ್ರಾಸಂಗಿಕವಾಗಿ ಹೇಳುವುದಾದರೆ, ಹೀಲಿಯಂ ಎಂಬ ಧಾತುವಿನ ಸುಳಿವು ಸಿಕ್ಕಿದ ಕಥೆಯಲ್ಲಿ ನಮ್ಮ ನೆರೆಯ ಗುಂಟೂರೂ ಇದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಪಿಯೆರ್ ಜಾನ್ಸನ್ ಅವರು ಗುಂಟೂರಿನಿಂದ ವೀಕ್ಷಿಸಿದ್ದರು. ಆ ಕಾಲದ ಸೌರ ವೀಕ್ಷಣೆಗಳಲ್ಲಿ ಕಂಡ ಒಂದು ಹಳದಿ ಗೆರೆಯ ಜಾಡು ಹಿಡಿದೇ ಈ ಅನಿಲ ಗುರುತಿಗೆ ಬಂದದ್ದು. ಸೂರ್ಯನಲ್ಲಿ ಮೊದಲು ಕಂಡದ್ದು ಸೂರ್ಯನ ಬೆಳಕು ಮುಟ್ಟದ ಕಡೆ ಉಸಿರಾಗಿ ಒದಗಿತು.

ಹೀಲಿಯಂ ಇಳಿಯುವುದನ್ನು ಸುಲಭಗೊಳಿಸಿತು. ಏರುವುದನ್ನು ಯಾವ ಅನಿಲವೂ ಸುಲಭಗೊಳಿಸಲಿಲ್ಲ. ಇದನ್ನು ವಿವರಿಸಲು ನನಗೆ ನಮ್ಮ ಗೋಲಿ ಸೋಡಾ ಬಿಟ್ಟು ಬೇರೆ ಉಪಕರಣ ಬೇಕಿಲ್ಲ. ಬಾಟಲಿಯ ಕತ್ತಿಗೆ ಗೋಲಿ ಒತ್ತಿಕೊಂಡು ಕುಳಿತಿರುವಷ್ಟು ಹೊತ್ತೂ ಒಳಗಿನ ನೀರು ತಿಳಿಯಾಗಿರುತ್ತದೆ, ಒಂದು ಗುಳ್ಳೆಯೂ ಕಾಣುವುದಿಲ್ಲ. ಗೋಲಿಯನ್ನು ಒಳಕ್ಕೆ ಗುದ್ದಿದ ಕ್ಷಣ ಒತ್ತಡ ಇಳಿದು, ಕರಗಿದ್ದ ಅನಿಲವೆಲ್ಲ ನೊರೆಯಾಗಿ ಉಕ್ಕುತ್ತದೆ. ಆಳದಲ್ಲಿ ಉಸಿರಾಡಿದ ಅನಿಲ ಇದೇ ರೀತಿ ರಕ್ತ, ಕೊಬ್ಬು, ನರ, ಕೀಲುಗಳಲ್ಲಿ ಕರಗಿ ಕುಳಿತಿರುತ್ತದೆ. ಮುಳುಗುಗಾರ ಸರ್ರನೆ ಮೇಲೆ ಬಂದರೆ ಆ ನೊರೆ ಅವನ ಮೈಯೊಳಗೇ ಉಕ್ಕುತ್ತದೆ. ಗೋಲಿಯನ್ನು ಕೂದಲೆಳೆಯಷ್ಟು ಸರಿಸಿ, ಅನಿಲ ಸದ್ದಿಲ್ಲದೆ ಸೋರಿಹೋಗುವಂತೆ ಮಾಡುವುದೊಂದೇ ದಾರಿ. ಅದಕ್ಕೆ ಹೊತ್ತು ಬೇಕು.

ಈ ಬೇನೆ ಸಮುದ್ರಕ್ಕಿಂತ ಹೆಚ್ಚಾಗಿ ಸೇತುವೆಗಳ ಬುಡದಲ್ಲಿ ಲೋಕಕ್ಕೆ ಪರಿಚಯವಾಯಿತು. ನದಿಯ ತಳದಲ್ಲಿ ಅಡಿಪಾಯ ಅಗೆಯಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಕೂಲಿಗಳನ್ನು ಇಳಿಸುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಅವರ ಪತ್ನಿ ಎಮಿಲಿ ನಿರ್ದೇಶನಗಳನ್ನು ಕೆಲಸದ ಸ್ಥಳಕ್ಕೆ ಒಯ್ಯುತ್ತ ಸೇತುವೆಯನ್ನು ಮುಗಿಸಲು ನೆರವಾದರು. ಕಾರಣ ಗುಳ್ಳೆಗಳೆಂಬುದನ್ನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಪಾಲ್ ಬರ್ ಅವರು 1878ರಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಅವರು ಆಡುಗಳ ಮೇಲೆ ಪ್ರಯೋಗ ನಡೆಸಿ, 1908ರಲ್ಲಿ, ಎಷ್ಟು ಆಳದಿಂದ ಬರುವಾಗ ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ತಡೆದು ಬರಬೇಕೆಂಬ ಕೋಷ್ಟಕಗಳನ್ನು ಕೊಟ್ಟರು. ಇಂದು ಮುಳುಗುಗಾರರ ಮಣಿಕಟ್ಟಿನಲ್ಲಿರುವ ಪುಟ್ಟ ಗಣಕಗಳು ಲೆಕ್ಕ ಹಾಕುವುದು ಆ ಕೋಷ್ಟಕಗಳ ವಂಶದ ಗಣಿತವನ್ನೇ.

ಈಗ 332 ಮೀಟರ್‌ಗೆ ಬರೋಣ. ಈಜಿಪ್ಟಿನ ಅಹಮದ್ ಗಬ್ರ್ ಅವರು 2014ರ ಸೆಪ್ಟೆಂಬರ್ 18ರಂದು ದಹಾಬ್ ಎಂಬಲ್ಲಿ 332.35 ಮೀಟರ್ ಇಳಿದರೆಂದು ಗಿನ್ನೆಸ್ ದಾಖಲಿಸಿತು. ಆ ದಾಖಲೆಯ ಬಗ್ಗೆ ಮುಳುಗುಗಾರರ ವಲಯದಲ್ಲೇ ನಂತರ ಆಕ್ಷೇಪಗಳು ಎದ್ದಿವೆ; ನಾನು ಇಲ್ಲಿ ನ್ಯಾಯ ತೀರ್ಮಾನಕ್ಕೆ ಕೂತಿಲ್ಲ. ಅದನ್ನು ಬದಿಗಿಟ್ಟರೂ ದಕ್ಷಿಣ ಆಫ್ರಿಕದ ನೂನೋ ಗೋಮ್ಸ್ ಅವರು 2005ರಲ್ಲಿ ಅದೇ ದಹಾಬ್‌ನಲ್ಲಿ 318 ಮೀಟರ್ ಮುಟ್ಟಿದ್ದರು. ಗಬ್ರ್ ಅವರ ಇಳಿತಕ್ಕೆ ಹಿಡಿದದ್ದು ಸುಮಾರು ಕಾಲು ಗಂಟೆ, ಮೇಲೇರಲು ಹಿಡಿದದ್ದು ಹದಿಮೂರು ಗಂಟೆಗಿಂತ ಹೆಚ್ಚು. ಅಷ್ಟು ಆಳದಲ್ಲಿ ಉಳಿದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಹೊತ್ತು. ಅಲ್ಲಿ ಕೆಲಸ ಮಾಡುವ ಮಾತಿರಲಿ, ಸುತ್ತ ನೋಡಲೂ ಅವಕಾಶವಿಲ್ಲ. ಹಗ್ಗಕ್ಕೆ ಸಿಕ್ಕಿಸಿದ ಗುರುತಿನ ಚೀಟಿಯನ್ನು ಕಿತ್ತುಕೊಂಡು ಮರಳುವುದಷ್ಟೇ. ಇಳಿಯುವಾಗಲೂ ಏರುವಾಗಲೂ ಮಿಶ್ರಣ ಬದಲಾಗುತ್ತಲೇ ಇರಬೇಕು, ಏಕೆಂದರೆ ತಳದಲ್ಲಿ ಜೀವ ಉಳಿಸುವ ಮಿಶ್ರಣದಲ್ಲಿ ಆಮ್ಲಜನಕ ಶೇಕಡಾ ನಾಲ್ಕರ ಆಸುಪಾಸು ಮಾತ್ರ. ಅದನ್ನೇ ನೀರಿನ ಮೇಲ್ಮೈಯಲ್ಲಿ ಎಳೆದುಕೊಂಡರೆ ಪ್ರಜ್ಞೆ ತಪ್ಪುತ್ತದೆ. ಒಂದು ಸಿಲಿಂಡರ್‌ನ ಬದಲು ಇನ್ನೊಂದರ ಕೊಳವೆ ಬಾಯಿಗೆ ಬಂದರೆ ಸಾವು.

ಇಂಥ ಇಳಿತವನ್ನು ಹುಚ್ಚು ಸಾಹಸವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಹಾಗೆ ಇಳಿದವರಲ್ಲಿ ಹಲವರು ಅತ್ಯಂತ ಎಚ್ಚರದವರು. ಫ್ಲಾರಿಡಾದ ಶೆಕ್ ಎಕ್ಸ್ಲಿ ಅವರು ಗಣಿತದ ಶಿಕ್ಷಕರು. ಗುಹೆಗಳಲ್ಲಿ ಮುಳುಗಿ ಸತ್ತವರ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಇಂದಿಗೂ ಕಲಿಸಲಾಗುತ್ತಿರುವ ಸುರಕ್ಷತೆಯ ನಿಯಮಗಳನ್ನು ರೂಪಿಸಿದವರು ಅವರೇ. 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಕಟೋನ್ ಎಂಬ ನೀರು ತುಂಬಿದ ಮಹಾಕೂಪದಲ್ಲಿ ಅವರೂ ಜಿಮ್ ಬೌಡೆನ್ ಅವರೂ ಬೇರೆ ಬೇರೆ ಹಗ್ಗಗಳ ಗುಂಟ ಇಳಿದರು. ಬೌಡೆನ್ 282 ಮೀಟರ್ ಮುಟ್ಟಿ ಮೇಲೆ ಬಂದರು. ಎಕ್ಸ್ಲಿ ಬರಲಿಲ್ಲ. ಕೆಲವು ದಿನಗಳ ನಂತರ ಹಗ್ಗವನ್ನು ಎಳೆದಾಗ ಅದನ್ನು ಮೈಗೆ ಸುತ್ತಿಕೊಂಡ ಅವರ ದೇಹ ಜೊತೆಗೇ ಬಂತು.

ವಿಮಾನ ಚಾಲಕರಾಗಿದ್ದ ಆಸ್ಟ್ರೇಲಿಯದ ಡೇವ್ ಶಾ ಅವರ ವಿಷಯ ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ದಕ್ಷಿಣ ಆಫ್ರಿಕದ ಬೋಸ್ಮನ್ಸ್‌ಗಾಟ್ ಎಂಬ ಸಿಹಿನೀರಿನ ಗುಹೆಯಲ್ಲಿ 2004ರ ಅಕ್ಟೋಬರ್‌ನಲ್ಲಿ ಅವರು, ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮತ್ತೆ ಉಸಿರಾಡಲು ಕೊಡುವ ರೀಬ್ರೀದರ್ ಎಂಬ ಉಪಕರಣ ತೊಟ್ಟು 270 ಮೀಟರ್ ಇಳಿದಾಗ, ಹತ್ತು ವರ್ಷಗಳ ಹಿಂದೆ ಅಲ್ಲಿ ಕಣ್ಮರೆಯಾಗಿದ್ದ ಯುವಕನೊಬ್ಬನ ದೇಹ ಕೆಸರಿನಲ್ಲಿ ಕಂಡಿತು. ಅವನ ತಂದೆತಾಯಿಗೆ ಅದನ್ನು ತಂದೊಪ್ಪಿಸಬೇಕೆಂದು 2005ರ ಜನವರಿ 8ರಂದು ಅವರು ಮತ್ತೆ ಇಳಿದರು. ದೇಹವನ್ನು ಚೀಲಕ್ಕೆ ಸೇರಿಸಲು ಹೆಣಗುತ್ತಿರುವಾಗ ಹಗ್ಗ ತೊಡರಿತು, ಉಸಿರಾಟ ಬಿರುಸಾಯಿತು. ಅವರ ಶಿರಸ್ತ್ರಾಣದ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತ್ತು. ಆ ದಾಖಲೆಯನ್ನು ಪರಿಶೀಲಿಸಿದ ವೈದ್ಯರು ಕಂಡುಕೊಂಡ ಕಾರಣ ನಾನು ಆಗಲೇ ಹೇಳಿದ ಮೂರನೆಯದು: ಮಂದವಾದ ಅನಿಲವನ್ನು ಎಳೆಯುತ್ತ ಮೈಮುರಿದು ದುಡಿದಾಗ ಒಳಗೆ ಜಮೆಯಾದ ಇಂಗಾಲದ ಡೈಆಕ್ಸೈಡ್. ಕೆಲವು ದಿನಗಳಲ್ಲಿ ಸಹಾಯಕರು ಹಗ್ಗಗಳನ್ನು ಎತ್ತುವಾಗ ಇಬ್ಬರ ದೇಹಗಳೂ ಮೇಲೆ ಬಂದವು. ಸ್ಕೂಬಾ ತೊಟ್ಟವನು ಅಷ್ಟು ಆಳವನ್ನು ಮುಟ್ಟಿ ಬರಬಹುದು, ಅಲ್ಲಿ ದುಡಿಯಲಾರ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನನಗೆ ಗೊತ್ತಿಲ್ಲ.

ಹಾಗಾದರೆ ಆಳದಲ್ಲಿ ದುಡಿಯುವವರು ಹೇಗೆ ದುಡಿಯುತ್ತಾರೆ? ಇಲ್ಲಿ ಎರಡು ಚಿನ್ನದ ಕಥೆಗಳನ್ನು ಜೊತೆಯಾಗಿ ನೋಡುವುದು ಉಪಯುಕ್ತ. 1922ರ ಮೇ ತಿಂಗಳಲ್ಲಿ ಲಂಡನ್ನಿನಿಂದ ಮುಂಬಯಿಗೆ ಹೊರಟಿದ್ದ ಈಜಿಪ್ಟ್ ಎಂಬ ಹಡಗು ಫ್ರಾನ್ಸಿನ ಪಶ್ಚಿಮ ತೀರದಲ್ಲಿ ಮಂಜಿನಲ್ಲಿ ಡಿಕ್ಕಿಯಾಗಿ ಮುಳುಗಿತು. ಅದರೊಳಗೆ ಹತ್ತು ಲಕ್ಷ ಪೌಂಡ್‌ಗೂ ಮೀರಿದ ಚಿನ್ನ ಬೆಳ್ಳಿ ಇತ್ತು. 120 ಮೀಟರ್‌ಗೂ ಹೆಚ್ಚಿನ ಆ ಆಳದಲ್ಲಿ ಅಂದಿನ ಮುಳುಗುಗಾರ ಕೈಯಿಂದ ಕೆಲಸ ಮಾಡುವಂತಿರಲಿಲ್ಲ. ಇಟಲಿಯ ತಂಡವೊಂದು ಗಟ್ಟಿ ಗೋಡೆಯ ವೀಕ್ಷಣಾ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ ಇಳಿಸಿತು. ಅವರು ಕಿಟಕಿಯಿಂದ ನೋಡುತ್ತ ದೂರವಾಣಿಯಲ್ಲಿ ಹೇಳಿದಂತೆ, ಮೇಲಿನವರು ಕಬ್ಬಿಣದ ಪಂಜವನ್ನು ಆಡಿಸಿ ಹಡಗಿನ ಅಟ್ಟಗಳನ್ನು ಒಂದೊಂದಾಗಿ ಸೀಳಿ 1932ರಲ್ಲಿ ಚಿನ್ನವನ್ನು ತಲುಪಿದರು. ಕೆಲಸದ ನಡುವೆ, 1930ರಲ್ಲಿ, ಮುಳುಗಿದ್ದ ಮತ್ತೊಂದು ಮದ್ದುಗುಂಡಿನ ಹಡಗನ್ನು ಸಿಡಿಸುವಾಗ ಅವರ ಆರ್ತಿಲ್ಯೋ ಹಡಗೇ ನಾಶವಾಗಿ, ಮುಖ್ಯ ಮುಳುಗುಗಾರ ಅಲ್ಬೆರ್ತೋ ಜಾನ್ನಿ ಸೇರಿದಂತೆ ಹಲವರು ಸತ್ತರು. ಇನ್ನೊಂದು ಕಥೆ 1981ರದ್ದು. ಯುದ್ಧಕಾಲದಲ್ಲಿ ಸೋವಿಯತ್ ಚಿನ್ನ ಹೊತ್ತು ಬಾರೆಂಟ್ಸ್ ಸಮುದ್ರದಲ್ಲಿ ಮುಳುಗಿದ್ದ ಎಡಿನ್‌ಬರಾ ಎಂಬ ಯುದ್ಧನೌಕೆ 245 ಮೀಟರ್ ಆಳದಲ್ಲಿತ್ತು, ಈಜಿಪ್ಟ್ ಹಡಗಿನ ಸುಮಾರು ಎರಡರಷ್ಟು ಆಳ. ಅಲ್ಲಿ ಮುಳುಗುಗಾರರು ತಾವೇ ಒಳಹೊಕ್ಕು, ಉಕ್ಕನ್ನು ಕೊರೆದು, ಜೀವಂತ ಸಿಡಿಮದ್ದಿನ ಪಕ್ಕದಲ್ಲೇ ಕೈಯಾಡಿಸಿ, 465 ಚಿನ್ನದ ಗಟ್ಟಿಗಳಲ್ಲಿ 431ನ್ನು ತೆಗೆದರು. ಐದು ವರ್ಷಗಳ ನಂತರ ಮತ್ತೆ 29 ಸಿಕ್ಕಿದವು.

ಈ ಅರ್ಧ ಶತಮಾನದ ನಡುವೆ ಬದಲಾದದ್ದು ಒಂದೇ ಒಂದು ಆಲೋಚನೆ. ಅಮೆರಿಕದ ನೌಕಾಪಡೆಯ ವೈದ್ಯ ಜಾರ್ಜ್ ಬಾಂಡ್ ಅವರು ಅದರ ಮೇಲೆ 1950ರ ದಶಕದ ಕೊನೆಯಿಂದ ಕೆಲಸ ಮಾಡಿದರು. ನೀರಿಗೆ ಸಕ್ಕರೆ ಹಾಕುತ್ತ ಹೋದರೆ ಒಂದು ಹಂತದಲ್ಲಿ ಇನ್ನು ಕರಗದೆ ತಳದಲ್ಲಿ ನಿಲ್ಲುತ್ತದಲ್ಲವೆ? ದೇಹವೂ ಒಂದು ಆಳದಲ್ಲಿ ಒಂದು ದಿನದಷ್ಟು ಹೊತ್ತು ಇದ್ದರೆ ಆ ಒತ್ತಡದ ಅನಿಲದಿಂದ ತುಂಬಿ ಸಂತೃಪ್ತವಾಗುತ್ತದೆ. ಆಮೇಲೆ ಅಲ್ಲಿ ಒಂದು ದಿನ ಇರಲಿ, ಒಂದು ತಿಂಗಳು ಇರಲಿ, ಮೇಲೆ ಬರಲು ತಗಲುವ ಹೊತ್ತು ಅಷ್ಟೇ. ಹಾಗಿದ್ದರೆ ಪ್ರತಿದಿನ ಇಳಿದು ಏರುವುದೇಕೆ? ಕೆಲಸ ಮುಗಿಯುವವರೆಗೂ ಆ ಒತ್ತಡದಲ್ಲೇ ಬಾಳಿ, ಮರಳುವ ಸಾಲವನ್ನು ಕೊನೆಗೊಮ್ಮೆ ತೀರಿಸಬಹುದು. ಇದಕ್ಕೆ ಸ್ಯಾಚುರೇಶನ್ ಡೈವಿಂಗ್ ಎಂಬ ಹೆಸರು ಬಂತು. 1962ರಿಂದ 1965ರವರೆಗೆ ಕೂಸ್ಟೋ ಅವರ ತಂಡವೂ ಅಮೆರಿಕದ ನೌಕಾಪಡೆಯೂ ಸಮುದ್ರದ ತಳದಲ್ಲಿ ಮನೆಗಳನ್ನಿಟ್ಟು ಜನರನ್ನು ವಾಸಕ್ಕಿಳಿಸಿದವು.

ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಇನ್ನೊಬ್ಬ ಗಣಿತದ ಶಿಕ್ಷಕ ಹಾನ್ನೆಸ್ ಕೆಲ್ಲರ್ ಅವರು, ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಅವರ ಲೆಕ್ಕಗಳನ್ನು ನೆಚ್ಚಿ, ಚುರುಕಾಗಿ ಇಳಿದು ಚುರುಕಾಗಿ ಏರುವ ದಾರಿಯನ್ನು ಪ್ರಯತ್ನಿಸುತ್ತಿದ್ದರು. 1962ರ ಡಿಸೆಂಬರ್ 3ರಂದು ಕ್ಯಾಲಿಫೋರ್ನಿಯದ ಕ್ಯಾಟಲಿನಾ ದ್ವೀಪದ ಬಳಿ ಅವರೂ ಬ್ರಿಟಿಷ್ ಪತ್ರಕರ್ತ ಪೀಟರ್ ಸ್ಮಾಲ್ ಅವರೂ 1000 ಅಡಿಗಳ ಗಡಿಯನ್ನು ಮುಟ್ಟಿದರು. ಖಂಡಗಳ ಅಂಚಿನ ಸಮುದ್ರದ ನೆಲ ಕಡಿದಾಗಿ ಜಾರುವ ಮೊದಲಿನ ಆಳವೆಲ್ಲ ಹೆಚ್ಚುಕಡಿಮೆ ಇದರೊಳಗೇ ಇದೆ. ತೈಲ ಕಂಪನಿಗಳಿಗೆ ಅದರಲ್ಲಿ ಆಸಕ್ತಿ ಇದ್ದದ್ದು ಅದಕ್ಕೇ. ತಾವು ಕುಳಿತು ಇಳಿದಿದ್ದ ಗಂಟೆಯಾಕಾರದ ಪೆಟ್ಟಿಗೆಯಿಂದ ಕೆಲ್ಲರ್ ಹೊರಬಂದು ಎರಡು ದೇಶಗಳ ಬಾವುಟಗಳನ್ನು ನೆಡಲು ಹೋದಾಗ ಅವೇ ಅವರ ಉಸಿರಿನ ಕೊಳವೆಗೆ ತೊಡರಿದವು. ಕೆಲ್ಲರ್ ಉಳಿದರು, ಸ್ಮಾಲ್ ಅವರೂ, ನೆರವಿಗೆ ಇಳಿದ ಯುವ ಮುಳುಗುಗಾರ ಕ್ರಿಸ್ಟೋಫರ್ ವಿಟೇಕರ್ ಅವರೂ ಸತ್ತರು. ಬ್ಯೂಲ್ಮನ್ ಅವರ ಲೆಕ್ಕಗಳು ಇಂದು ಸಾವಿರಾರು ಮಣಿಕಟ್ಟುಗಳಲ್ಲಿ ಬದುಕಿವೆ. ತೈಲ ಉದ್ಯಮ ಮಾತ್ರ ಬಾಂಡ್ ಅವರ ದಾರಿಯನ್ನು ಹಿಡಿಯಿತು.

ಆ ಬದುಕನ್ನು ಸ್ವಲ್ಪ ಊಹಿಸಿಕೊಳ್ಳಿ. ಹಡಗಿನ ಅಟ್ಟದ ಮೇಲೆ, ರೈಲು ಡಬ್ಬಿಗಿಂತ ಇಕ್ಕಟ್ಟಾದ ಉಕ್ಕಿನ ಕೋಣೆಗಳಲ್ಲಿ ಮುಳುಗುಗಾರರು ಸುಮಾರು ನಾಲ್ಕು ವಾರ ಬಾಳುತ್ತಾರೆ. ಕೋಣೆಯೊಳಗಿನ ಒತ್ತಡ ಕೆಲಸದ ಆಳದ್ದೇ. ಪಾಳಿ ಬಂದಾಗ ಕೋಣೆಗೆ ಕಚ್ಚಿಕೊಂಡಿರುವ ಗಂಟೆಯಾಕಾರದ ಪೆಟ್ಟಿಗೆಗೆ ತೆವಳಿ ಹೋಗಿ, ಅದರಲ್ಲಿ ಕುಳಿತು ಸಮುದ್ರದ ತಳಕ್ಕೆ ಇಳಿದು, ಆರೆಂಟು ಗಂಟೆ ದುಡಿದು ಮರಳುತ್ತಾರೆ. ಉಸಿರಿನ ಅನಿಲ, ಬಿಸಿನೀರು, ಬೆಳಕು, ಮಾತು ಎಲ್ಲವೂ ಒಂದು ದಪ್ಪ ಕೊಳವೆಗಳ ಕಂತೆಯ ಮೂಲಕ ಬರುತ್ತವೆ. ಅದನ್ನು ಅವರು ಹೊಕ್ಕುಳಬಳ್ಳಿ ಎಂದೇ ಕರೆಯುತ್ತಾರೆ. ಬಿಸಿನೀರು ಸುಖಕ್ಕಲ್ಲ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಬೇಗ ಶಾಖವನ್ನು ಸಾಗಿಸುವುದರಿಂದ, ಉಡುಪಿನೊಳಗೆ ಬಿಸಿನೀರು ಹರಿಯದಿದ್ದರೆ ಮೈ ತಣ್ಣಗಾಗಿಬಿಡುತ್ತದೆ. ಅದೇ ಹೀಲಿಯಂನಿಂದ ದನಿ ಬಾತುಕೋಳಿಯ ಕೂಗಿನಂತಾಗಿ, ಮೇಲಿನವರು ಯಂತ್ರದ ನೆರವಿನಿಂದ ಅದನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಮರಳುವ ಲೆಕ್ಕ: ಸ್ಥೂಲವಾಗಿ ಪ್ರತಿ 30 ಮೀಟರ್‌ಗೆ ಒಂದು ದಿನ, ಮೇಲೆ ಇನ್ನೊಂದು ದಿನ. 200 ಮೀಟರ್‌ನ ಕೆಲಸಗಾರನಿಗೆ ಹಡಗು ಬಂದರಿಗೆ ಬಂದು ನಿಂತರೂ, ಕಿಟಕಿಯ ಗಾಜಿನಾಚೆ ಊರು ಕಾಣುತ್ತಿದ್ದರೂ, ಬಾಗಿಲು ತೆರೆಯಲು ಒಂದು ವಾರವೇ ಬೇಕು. ತಾಯಿ ತೀರಿಕೊಂಡ ಸುದ್ದಿ ಬಂದರೂ ಅಷ್ಟೇ.

ಇನ್ನೂ ಆಳಕ್ಕೆ ಹೋಗಲು ಅಡ್ಡಿಯಾದದ್ದು ನರಗಳು. ಹೀಲಿಯಂ ಉಸಿರಾಡುತ್ತ 150 ಅಥವಾ 200 ಮೀಟರ್ ದಾಟಿದಾಗ, ಅದೂ ಬೇಗ ಇಳಿದಾಗ, ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಮಂಪರು ಕವಿಯುತ್ತದೆ. ನಿಧಾನವಾಗಿ ಇಳಿದರೆ ಇದು ತಗ್ಗುತ್ತದೆ. ಅಮಲೇರಿಸುವ ಅನಿಲವನ್ನು ಸ್ವಲ್ಪ ಬೆರೆಸಿದರೂ ತಗ್ಗುತ್ತದೆ: ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬೆನೆಟ್ ಅವರ ತಂಡ ಸಾರಜನಕ ಬೆರೆಸಿ 1981ರಲ್ಲಿ ಕೋಣೆಯೊಳಗೆ 686 ಮೀಟರ್‌ನ ಒತ್ತಡವನ್ನು ತಲುಪಿತು. ಮಾರ್ಸೇಯ್‌ನಲ್ಲಿ ಆಂರಿ ದಲೋಜ್ ಅವರು ಕಟ್ಟಿದ ಕೋಮೆಕ್ಸ್ ಕಂಪನಿ ಜಲಜನಕವನ್ನು ಆರಿಸಿಕೊಂಡಿತು. ಅದು ಹೀಲಿಯಂಗಿಂತಲೂ ಹಗುರ, ಅಲ್ಪ ಅಮಲಿನದು, ಮತ್ತು ಆಮ್ಲಜನಕ ಶೇಕಡಾ ನಾಲ್ಕಕ್ಕಿಂತ ಕಡಿಮೆ ಇದ್ದಾಗ ಉರಿಯುವುದಿಲ್ಲ. ನಾನು ಮೊದಲಿಗೆ ಹೇಳಿದ 534 ಮತ್ತು 701 ಎರಡೂ ಈ ಜಲಜನಕದ ಫಲ. 701 ಮೀಟರ್‌ನ ಒತ್ತಡವನ್ನು ತಿಯೋ ಮಾವ್ರೋಸ್ಟೋಮೋಸ್ ಅವರು ಕೆಲವೇ ಗಂಟೆಗಳ ಕಾಲ ಅನುಭವಿಸಿದರು. ಪ್ರಯೋಗ ನಡೆದದ್ದು ಸುಮಾರು ಆರು ವಾರ.

ಆ ದಾಖಲೆಯ ನಂತರ ಮೂರು ದಶಕಗಳು ಕಳೆದರೂ ಯಾವ ಕಂಪನಿಯೂ 534 ಮೀಟರ್‌ನಲ್ಲಿ ಜನರನ್ನು ದುಡಿಸುತ್ತಿಲ್ಲ. ಕಾರಣ ದೇಹದ ಸೋಲಲ್ಲ. ಬ್ರೆಜಿಲ್‌ನ ತೈಲ 2000 ಮೀಟರ್‌ಗೂ ಆಳದ ನೀರಿಗೆ ಸರಿಯಿತು, ಅಲ್ಲಿಗೆ ಯಾವ ಅನಿಲ ಕುಡಿದರೂ ಮನುಷ್ಯ ಹೋಗಲಾರ. ದೂರನಿಯಂತ್ರಿತ ಯಂತ್ರಗಳು ಹೋದವು. ಅವು ಬಂದ ಮೇಲೆ 300 ಮೀಟರ್‌ನಲ್ಲೂ ಮನುಷ್ಯರ ಅಗತ್ಯ ಕುಗ್ಗಿತು. ನಾರ್ವೆ ತನ್ನ ಸಮುದ್ರದಲ್ಲಿ ಇಂಥ ಕೆಲಸಕ್ಕೆ 180 ಮೀಟರ್‌ನ ಮಿತಿಯನ್ನು ಇಟ್ಟುಕೊಂಡಿದೆ.

ನಾರ್ವೆಗೆ ಆ ಎಚ್ಚರ ಬಂದ ದಾರಿ ನೋವಿನದು. 1983ರ ನವೆಂಬರ್ 5ರಂದು ಬೈಫರ್ಡ್ ಡಾಲ್ಫಿನ್ ಎಂಬ ತೈಲ ವೇದಿಕೆಯ ಮೇಲೆ, ಮುಳುಗುಗಾರರ ಕೋಣೆಗೂ ಗಂಟೆಯಾಕಾರದ ಪೆಟ್ಟಿಗೆಗೂ ನಡುವಿನ ಕೊಂಡಿ ಬಾಗಿಲು ಮುಚ್ಚುವ ಮೊದಲೇ ಬಿಚ್ಚಿಕೊಂಡು, ಒಂಬತ್ತು ವಾಯುಭಾರದ ಒತ್ತಡ ಕ್ಷಣಮಾತ್ರದಲ್ಲಿ ಒಂದಕ್ಕಿಳಿಯಿತು. ಒಳಗಿದ್ದ ನಾಲ್ವರೂ ಹೊರಗಿದ್ದ ಒಬ್ಬ ಸಹಾಯಕರೂ ಸತ್ತರು. ಹೀಗೆ ಒಮ್ಮೆಗೇ ಸತ್ತವರ ಹೊರತಾಗಿ, ನರದೌರ್ಬಲ್ಯ, ಮರೆವು, ಶ್ವಾಸಕೋಶದ ತೊಂದರೆಗಳೊಂದಿಗೆ ಮನೆಗೆ ಮರಳಿದವರಿದ್ದರು. ಅವರಲ್ಲಿ ಕೆಲವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2013ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಲಯ, ತಮ್ಮ ಜೀವಕ್ಕೂ ಆರೋಗ್ಯಕ್ಕೂ ಇದ್ದ ಅಪಾಯವನ್ನು ಅಳೆಯಲು ಬೇಕಾದ ಮಾಹಿತಿ ಈ ಮುಳುಗುಗಾರರಿಗೆ ಸಿಗುವಂತೆ ದೇಶ ನೋಡಿಕೊಳ್ಳಲಿಲ್ಲ ಎಂದು ಹೇಳಿತು. ಅಲ್ಲಿ ಚರ್ಚೆಗೆ ಬಂದದ್ದು ಮೇಲೇರುವ ಕೋಷ್ಟಕಗಳು. ಬೇಗ ಮೇಲೆ ತರುವ ಕೋಷ್ಟಕ ಇದ್ದ ಕಂಪನಿಗೆ ಗುತ್ತಿಗೆಯಲ್ಲಿ ಅನುಕೂಲ. ಆದ್ದರಿಂದ ಅವು ವ್ಯಾಪಾರದ ಗುಟ್ಟುಗಳಾಗಿದ್ದವು. ಹಾಲ್ಡೇನ್ ಅವರು 1908ರಲ್ಲಿ ಎಲ್ಲರೂ ನೋಡಲೆಂದು ಅಚ್ಚುಹಾಕಿಸಿದ ಬಗೆಯ ತಿಳಿವಳಿಕೆಯನ್ನು, ಅದರ ಮೇಲೆ ಜೀವ ನಿಂತಿದ್ದವರಿಂದಲೇ ಮುಚ್ಚಿಡಲಾಗಿತ್ತು. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ದೇಶದಲ್ಲಿ ಈ ವೃತ್ತಿ ಬೇರುಬಿಟ್ಟದ್ದು 1974ರಲ್ಲಿ ಮುಂಬಯಿ ಹೈ ತೈಲ ಕ್ಷೇತ್ರ ಸಿಕ್ಕಿದ ಮೇಲೆ. ಅಲ್ಲಿನ ನೀರಿನ ಆಳ ಸುಮಾರು 75 ಮೀಟರ್. ನೌಕಾಪಡೆಗೆ ಇದರ ಅಗತ್ಯ ಬೇರೆ ಕಾರಣಕ್ಕಾಗಿ, ಮುಳುಗಿದ ಜಲಾಂತರ್ಗಾಮಿಯ ರಕ್ಷಣೆಗಾಗಿ. 2000ದಲ್ಲಿ ರಷ್ಯದ ಕುರ್ಸ್ಕ್ 108 ಮೀಟರ್ ಆಳದಲ್ಲಿ ಮುಳುಗಿದಾಗ ಅದರ ಬಾಗಿಲನ್ನು ಕೊನೆಗೂ ತೆರೆದವರು ಉತ್ತರ ಸಮುದ್ರದಲ್ಲಿ ಪಳಗಿದ ಮುಳುಗುಗಾರರು. ಆಗ 118 ಮಂದಿಯಲ್ಲಿ ಯಾರೂ ಬದುಕಿರಲಿಲ್ಲ. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಕಟ್ಟಿದ ನಿಸ್ತಾರ್ ಹಡಗು 2025ರ ಜುಲೈ 18ರಂದು ನಮ್ಮ ನೌಕಾಪಡೆಗೆ ಸೇರಿತು. ಅದರ ಮುಳುಗುಗಾರರು 300 ಮೀಟರ್‌ವರೆಗೆ ದುಡಿಯಬಲ್ಲರು.

ಕೊನೆಗೆ ಜಲಜನಕಕ್ಕೆ ಮರಳುತ್ತೇನೆ. ಅದನ್ನು ಸಮುದ್ರದಲ್ಲಿ ಮೊದಲು ಉಸಿರಾಡಿದವರು ಸ್ವೀಡನ್ನಿನ ಎಂಜಿನಿಯರ್ ಆರ್ನೆ ಸೆಟರ್‌ಸ್ಟ್ರಮ್. ಯುದ್ಧಕಾಲದಲ್ಲಿ ಅವರ ದೇಶಕ್ಕೆ ಹೀಲಿಯಂ ಸಿಗುತ್ತಿರಲಿಲ್ಲ. 1945ರ ಆಗಸ್ಟ್‌ನಲ್ಲಿ ಬಾಲ್ಟಿಕ್ ಸಮುದ್ರದಲ್ಲಿ 160 ಮೀಟರ್ ಮುಟ್ಟಿದಾಗ ಅವರ ಮಿಶ್ರಣ ಸರಿಯಾಗಿಯೇ ಕೆಲಸ ಮಾಡಿತ್ತು. ಏರುವಾಗ ಮೇಲಿದ್ದವರ ಕೈತಪ್ಪಿನಿಂದ ಅವರು ನಿಂತಿದ್ದ ವೇದಿಕೆ ತಡೆಯಿಲ್ಲದೆ ಮೇಲಕ್ಕೆಳೆಯಲ್ಪಟ್ಟು ಅವರು ಸತ್ತರು. 2023ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಪಿಯರ್ಸ್ ನದಿಯ ಮೂಲದ ಗುಹೆಯಲ್ಲಿ, ಆರು ಡಿಗ್ರಿಯ ತಣ್ಣೀರಿನಲ್ಲಿ, ಆಸ್ಟ್ರೇಲಿಯದ ರಿಚರ್ಡ್ ಹ್ಯಾರಿಸ್ ಅವರು ರೀಬ್ರೀದರ್‌ಗೆ ಜಲಜನಕ ಬೆರೆಸಿ 230 ಮೀಟರ್ ಇಳಿದರು. ಥಾಯ್ಲೆಂಡಿನ ಗುಹೆಯಿಂದ 2018ರಲ್ಲಿ ಹುಡುಗರನ್ನು ಹೊರತಂದ ಅರಿವಳಿಕೆ ತಜ್ಞರು ಅವರೇ. ಜೊತೆಗಾರ ಕ್ರೇಗ್ ಚಾಲೆನ್ ಅವರು ಎಂದಿನ ಹೀಲಿಯಂ ಮಿಶ್ರಣದಲ್ಲಿ, ಎಡವಟ್ಟಾದರೆ ನೆರವಾಗಲೆಂದು ಪಕ್ಕದಲ್ಲೇ ಇದ್ದರು. ಆ ದಿನ ದಾಖಲೆಯ ಮಾತೇ ಇರಲಿಲ್ಲ, ಏಕೆಂದರೆ ಅದೇ ಗುಹೆಯಲ್ಲಿ ಅವರಿಬ್ಬರೂ 2020ರಲ್ಲೇ 245 ಮೀಟರ್ ಇಳಿದಿದ್ದರು. ನಡುಕ ತಗ್ಗುತ್ತದೆಯೇ, ಉಸಿರು ಹಗುರಾಗುತ್ತದೆಯೇ ಎಂದು ನೋಡಲು ತಮಗೆ ಪರಿಚಿತವಾದ ಆಳವನ್ನೇ ಆರಿಸಿಕೊಂಡಿದ್ದರು. ಕೈ ನಡುಗಲಿಲ್ಲ. ಆಮೇಲೆ ಹಲವು ಗಂಟೆಗಳ ಕಾಲ, ಒಂದೊಂದು ನಿಲುಗಡೆಯಲ್ಲೂ ಕಾದು, ಇಬ್ಬರೂ ಮೇಲೆ ಬಂದರು.